ಪ್ರಕರಣ ಅಧ್ಯಯನ: ಲ್ಯಾಪ್‌ಟಾಪ್ ತಲುಪಿದ್ದು ಯಾರ ಕೈಗೆ?

2024ರ ಜುಲೈ 15, ರಾತ್ರಿ 9:55. ಅಮೆರಿಕದ ಫ್ಲಾರಿಡಾದ ನೋಬಿಫೋರ್ ಅನ್ನುವ ಕಂಪನಿಯ ಸೆಕ್ಯುರಿಟಿ ತಂಡಕ್ಕೆ ಒಂದು ಎಚ್ಚರಿಕೆ ಬಂತು. ಹೊಸದಾಗಿ ಸೇರಿದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನಿಗೆ ಕಳಿಸಿದ್ದ ಮ್ಯಾಕ್ ಕಂಪ್ಯೂಟರ್‌ನಲ್ಲಿ ಏನೋ ಸರಿ ಇರಲಿಲ್ಲ. ತಂಡದವರು ಅವನನ್ನೇ ಕೇಳಿದರು. ಇಂಟರ್‌ನೆಟ್ ನಿಧಾನ ಇತ್ತು, ರೌಟರ್‌ನ ಕೈಪಿಡಿ ನೋಡಿಕೊಂಡು ಸರಿ ಮಾಡುತ್ತಿದ್ದೆ, ಅದರಿಂದ ಏನಾದರೂ ಆಗಿರಬಹುದು ಅಂದ. ನಂಬುವ ಹಾಗೇ ಇದೆ, ಅಲ್ವಾ? ಮನೆಯಿಂದ ಕೆಲಸ ಮಾಡುವ ಯಾರಿಗೆ ಈ ತಾಪತ್ರಯ ಬಂದಿಲ್ಲ?

ಆದರೆ ಮಷೀನಿನೊಳಗೆ ನಡೆಯುತ್ತಿದ್ದದ್ದೇ ಬೇರೆ. ಯಾರೋ ಸೆಷನ್ ಹಿಸ್ಟರಿ ಫೈಲುಗಳನ್ನು, ಅಂದರೆ ಮಷೀನಿನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆಯನ್ನು, ತಿದ್ದುತ್ತಿದ್ದರು. ಅನುಮತಿ ಇಲ್ಲದ ಸಾಫ್ಟ್‌ವೇರ್ ಓಡಿಸಲು ನೋಡುತ್ತಿದ್ದರು. ರಾಸ್ಪ್‌ಬೆರಿ ಪೈ ಅನ್ನುವ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕಂಪ್ಯೂಟರ್ ಬಳಸಿ ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್, ಇಳಿಸಿಕೊಳ್ಳುತ್ತಿದ್ದರು. ಒಂದು ಕಾಲ್‌ಗೆ ಬನ್ನಿ, ಮಾತಾಡೋಣ ಅಂದರು ತಂಡದವರು. ಈಗ ಆಗಲ್ಲ ಅಂದ. ಆಮೇಲೆ ಉತ್ತರವೇ ಇಲ್ಲ. 10:20ರ ಹೊತ್ತಿಗೆ ಆ ಮ್ಯಾಕನ್ನು ಕಂಪನಿಯ ಜಾಲದಿಂದ ಕತ್ತರಿಸಿ ಹಾಕಿದರು. ಎಲ್ಲ ಸೇರಿ 25 ನಿಮಿಷದ ಕತೆ.

ಆಮೇಲೆ ಗೊತ್ತಾದದ್ದು ಇಷ್ಟು. ಅವನು ಹೇಳಿಕೊಂಡ ಹೆಸರು ಅಮೆರಿಕದ ಒಬ್ಬ ನಿಜವಾದ ಮನುಷ್ಯನದು, ಕದ್ದದ್ದು. ಅರ್ಜಿಯ ಜೊತೆ ಕೊಟ್ಟಿದ್ದ ಫೋಟೋ, ಮಾರಾಟಕ್ಕಿರುವ ಒಂದು ಸ್ಟಾಕ್ ಫೋಟೋ ತೆಗೆದುಕೊಂಡು ಎಐ ಬಳಸಿ ತಿದ್ದಿದ್ದು. ಕೆಲಸ ಮಾಡಲು ಕೂತವನು ಉತ್ತರ ಕೊರಿಯಾದ ಐಟಿ ಕೆಲಸಗಾರ. ಎಫ್‌ಬಿಐ ತನಿಖೆಗೆ ಇಳಿಯಿತು. ಕಂಪನಿ ಜುಲೈ 23ರಂದು ನಡೆದದ್ದನ್ನೆಲ್ಲ ತಾನೇ ಬರೆದು ಪ್ರಕಟಿಸಿತು. ಯಾವ ಮಾಹಿತಿಯೂ ಸೋರಿಲ್ಲ, ನಮ್ಮ ವ್ಯವಸ್ಥೆಯೊಳಗೆ ಅವನಿಗೆ ಅಕ್ರಮ ಪ್ರವೇಶ ಸಿಕ್ಕಿಲ್ಲ ಅಂತಲೂ ಹೇಳಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನೋಬಿಫೋರ್ ಮಾಡುವ ಕೆಲಸವೇ ಬೇರೆ ಕಂಪನಿಗಳ ನೌಕರರಿಗೆ ಸೈಬರ್ ಮೋಸದ ಬಗ್ಗೆ ತರಬೇತಿ ಕೊಡುವುದು. ಅಂಥವರು ಮುಚ್ಚಿಟ್ಟುಕೊಳ್ಳದೆ, ದಿನ, ಗಂಟೆ, ನಿಮಿಷದ ಲೆಕ್ಕದಲ್ಲಿ ಎಲ್ಲರ ಮುಂದೆ ಇಟ್ಟರು. ಇದೇ ಮೋಸಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡ ಕಂಪನಿಗಳು ಎಷ್ಟೋ. ನಾನು ಈ ಪ್ರಕರಣವನ್ನೇ ಆರಿಸಿಕೊಂಡದ್ದು ಅದಕ್ಕೇ. ಅವರು ಬರೆದಿಟ್ಟದ್ದರಿಂದ ನಾವು ಕಲಿಯಲು ಸಾಧ್ಯ.

ಪರೀಕ್ಷೆಗಳೆಲ್ಲ ಪಾಸು

ಈ ಮನುಷ್ಯ ಹಿಂಬಾಗಿಲಿನಿಂದ ಬಂದವನಲ್ಲ. ಕಂಪನಿಯ ಎಐ ತಂಡಕ್ಕೆ ಎಂಜಿನಿಯರ್ ಬೇಕು ಅಂತ ಜಾಹೀರಾತು ಕೊಟ್ಟಿದ್ದರು. ಅರ್ಜಿ ಬಂತು. ಬೇರೆ ಬೇರೆ ದಿನ ನಾಲ್ಕು ವಿಡಿಯೋ ಇಂಟರ್‌ವ್ಯೂ ಮಾಡಿದರು. ಪ್ರತಿ ಸಲವೂ ಪರದೆ ಮೇಲಿನ ಮುಖ ಅರ್ಜಿಯ ಫೋಟೋಗೆ ಹೊಂದುತ್ತಿತ್ತು. ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿದರು, ಯಾವ ಕಪ್ಪು ಚುಕ್ಕೆಯೂ ಇಲ್ಲ. ಹಿಂದಿನ ಕೆಲಸದ ಬಗ್ಗೆ ಹೇಳುವವರನ್ನು ವಿಚಾರಿಸಿದರು, ಅದೂ ಸರಿ. ಕೆಲಸ ಕೊಟ್ಟರು. ಲ್ಯಾಪ್‌ಟಾಪ್ ಕಳಿಸಿದರು. ಅದು ತಲುಪಿದ ಕೂಡಲೇ ಮಾಲ್‌ವೇರ್ ಶುರುವಾಯಿತು.

ಇದನ್ನು ಓದಿದವರಿಗೆ ಮೊದಲು ಅನ್ನಿಸುವುದು, ಯಾರೋ ಸುಮ್ನೆ ಟಿಕ್ ಹಾಕಿ ಕಳಿಸಿದ್ದಾರೆ ಅಂತ. ಹಾಗಲ್ಲ. ಪ್ರತಿ ಹಂತದಲ್ಲೂ ಕೆಲಸ ನಿಜವಾಗಿ ನಡೆದಿದೆ. ಆದರೆ ಆ ಹಂತಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದೆ.

ಬ್ಯಾಕ್‌ಗ್ರೌಂಡ್ ಚೆಕ್ ಉತ್ತರಿಸಿದ್ದು, ಈ ಹೆಸರಿನ, ಸರ್ಕಾರ ಕೊಟ್ಟ ಈ ಗುರುತಿನ ನಂಬರಿನ ಮನುಷ್ಯ ಒಬ್ಬ ಇದ್ದಾನೆಯೇ, ಅವನ ಮೇಲೆ ಕೇಸು ಗೀಸು ಇದೆಯೇ ಅನ್ನುವ ಪ್ರಶ್ನೆಗೆ. ಇದ್ದಾನೆ, ಒಳ್ಳೆಯವನು ಅಂತ ಉತ್ತರ ಬಂತು. ಅದು ಸತ್ಯವೇ. ಹೆಸರಿನ ಅಸಲಿ ಯಜಮಾನ ಒಳ್ಳೆಯವನೇ ಇದ್ದಿರಬೇಕು. ವಿಡಿಯೋ ಇಂಟರ್‌ವ್ಯೂ ಉತ್ತರಿಸಿದ್ದು, ಈ ಮುಖ ಮತ್ತು ಈ ಫೋಟೋ ಒಂದೇನಾ, ಈತನಿಗೆ ಕೆಲಸ ಬರುತ್ತಾ ಅನ್ನುವ ಪ್ರಶ್ನೆಗೆ. ಹೌದು, ಬರುತ್ತೆ. ಅದೂ ಸತ್ಯ. ಆದರೆ ಆ ಮುಖಕ್ಕೂ ಆ ಹೆಸರಿಗೂ ಏನು ಸಂಬಂಧ? ಇದನ್ನು ಯಾರೂ ಕೇಳಲಿಲ್ಲ. ಒಂದು ಕಡೆ ಹೆಸರಿನ ಸರಪಳಿ, ಇನ್ನೊಂದು ಕಡೆ ಮುಖದ ಸರಪಳಿ. ಎರಡೂ ಗಟ್ಟಿ. ನಡುವೆ ಕೊಂಡಿಯೇ ಇಲ್ಲ.

ಇನ್ನೂ ಹತ್ತಿರದಿಂದ ನೋಡಿ. ಫೋಟೋ ಕೊಟ್ಟವನು ಅವನು. ಕ್ಯಾಮೆರಾ ಮುಂದೆ ಕೂತವನೂ ಅವನೇ. ಹೋಲಿಸಲು ಬೇಕಾದ ಎರಡೂ ಒಂದೇ ಕೈಯಿಂದ ಬಂದಾಗ ಅವು ಹೊಂದದೇ ಇರುತ್ತವೆಯೇ? ಹೊಂದಲಿ ಅಂತಲೇ ಫೋಟೋ ತಿದ್ದಿದ್ದಾರೆ. ನಾಲ್ಕು ಇಂಟರ್‌ವ್ಯೂ ಬದಲು ನಲವತ್ತು ಮಾಡಿದ್ದರೂ ಅದೇ ಉತ್ತರ ಬರುತ್ತಿತ್ತು. ಗುರುತು ಪರೀಕ್ಷೆಯಲ್ಲಿ ಹೋಲಿಕೆಯ ಒಂದು ತುದಿಯಾದರೂ ಅಭ್ಯರ್ಥಿಯ ಕೈಗೆ ನಿಲುಕದ ಜಾಗದಿಂದ ಬಂದಿರಬೇಕು. ಈ ಪ್ರಕರಣದಿಂದ ಒಂದೇ ಒಂದು ಪಾಠ ಹೊರಬೇಕು ಅಂದರೆ ನಾನು ಹೊರುವುದು ಇದನ್ನೇ.

ಬಾಗಿಲು ಗಟ್ಟಿಯಾದ ಬಗೆ

ಹಾಗಾದರೆ ಇಷ್ಟು ವರ್ಷ ಗುರುತು ಪರೀಕ್ಷೆಯ ತಂತ್ರಜ್ಞಾನ ಬೆಳೆದದ್ದು ಎಲ್ಲಿ? ಹೆಚ್ಚಾಗಿ ಬಾಗಿಲಿನಲ್ಲಿ.

ಬಾಗಿಲ ಹತ್ತಿರ ಹಿಡಿದರೆ ಪೀಂ ಅನ್ನುವ ಕಾರ್ಡು ಎಲ್ಲರಿಗೂ ಗೊತ್ತು. ಅದರ ಹಳೆಯ ತಲೆಮಾರು 125 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವಂಥದ್ದು. ಯಾರೇ ಕೇಳಿದರೂ ತನ್ನ ನಂಬರನ್ನು ಹಾಗೇ ಒದರಿಬಿಡುತ್ತದೆ. ಬಹಳ ಕಡೆ ಬಳಕೆಗೆ ಬಂದ 26 ಬಿಟ್ ನಮೂನೆಯಲ್ಲಿ ಕಾರ್ಡ್ ನಂಬರಿಗೆ ಸಿಗುವುದು 16 ಬಿಟ್ ಮಾತ್ರ. ಅಂದರೆ 65,536 ನಂಬರು, ಮುಗಿಯಿತು. ಪಕ್ಕದಲ್ಲಿ ನಿಂತು ನಕಲು ಮಾಡಿಕೊಳ್ಳಬಹುದು. ಇದಕ್ಕೆ ಮದ್ದಾಗಿ ಗುಪ್ತ ಕೀಲಿ ಇರುವ ಚಿಪ್ ಕಾರ್ಡ್ ಬಂತು. ಅದರಲ್ಲೂ ಬಹಳ ಹರಡಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ 48 ಬಿಟ್ ಗೂಢಲಿಪಿಯನ್ನು 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಒಡೆದು ತೋರಿಸಿದರು. ಆಮೇಲಿನ ಕಾರ್ಡುಗಳಿಗೆ ಎಇಎಸ್ ಅನ್ನುವ ಇನ್ನೂ ಗಟ್ಟಿ ಗೂಢಲಿಪಿ ಬಂತು. ಇವತ್ತಿನ ಒಳ್ಳೆಯ ಕಾರ್ಡು ಹಾಗೆ ಸುಲಭಕ್ಕೆ ನಕಲಾಗುವುದಿಲ್ಲ.

ಬೆರಳಚ್ಚಿನದೂ ಇದೇ ಹಾದಿ. 2002ರಲ್ಲಿ ಜಪಾನಿನ ಸುತೋಮು ಮತ್ಸುಮೊತೊ ಜೆಲಟಿನ್‌ನಿಂದ ಮೆತ್ತನೆಯ ನಕಲಿ ಬೆರಳು ಮಾಡಿ, ಆಗಿನ ಬೆರಳಚ್ಚು ಯಂತ್ರಗಳು ಅದನ್ನು ಒಪ್ಪುತ್ತವೆ ಅಂತ ತೋರಿಸಿದರು. ಯಂತ್ರದ ಮುಂದೆ ಇರುವುದು ಜೀವ ಇರುವ ದೇಹವೋ, ನಕಲೋ ಅಂತ ಕಂಡುಹಿಡಿಯುವ ಕೆಲಸಕ್ಕೆ ಇಂಥ ಪ್ರಯೋಗಗಳೇ ಒತ್ತಾಸೆ. ಮುಂದೆ ಅದನ್ನು ಅಳೆಯಲು ಐಎಸ್‌ಒ 30107 ಅನ್ನುವ ಅಂತರರಾಷ್ಟ್ರೀಯ ಮಾನದಂಡವೂ ಬಂತು.

ಲಾಗಿನ್ ವಿಷಯದಲ್ಲಂತೂ ದೊಡ್ಡ ಜಿಗಿತವೇ ಆಗಿದೆ. ಪಾಸ್‌ವರ್ಡ್ ಕದಿಯಬಹುದು. ಫೋನಿಗೆ ಬರುವ ಓಟಿಪಿಯನ್ನು ಮಾತಿನಲ್ಲಿ ಮರುಳು ಮಾಡಿ ಕೇಳಿಸಿಕೊಳ್ಳಬಹುದು. 2019ರ ಮಾರ್ಚ್‌ನಲ್ಲಿ ವೆಬ್‌ನ ಅಧಿಕೃತ ಮಾನದಂಡವಾದ ವೆಬ್‌ಆಥನ್, ಅದರ ಮೇಲೆ ನಿಂತ, ಪಾಸ್‌ವರ್ಡ್ ಬದಲು ಡಿಜಿಟಲ್ ಕೀಲಿ ಬಳಸುವ ಪಾಸ್‌ಕೀ, ಇವುಗಳಲ್ಲಿ ಹೇಳಿಕೊಡಲು ಗುಟ್ಟೇ ಇರುವುದಿಲ್ಲ. ಕೀಲಿ ಯಾವ ಸೈಟಿಗಾಗಿ ಹುಟ್ಟಿತೋ ಆ ಸೈಟಿಗೆ ಮಾತ್ರ ಉತ್ತರ ಕೊಡುತ್ತದೆ. ನಕಲಿ ಲಾಗಿನ್ ಪುಟದ ಮುಂದೆ ಸುಮ್ಮನಿರುತ್ತದೆ. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ಮನುಷ್ಯ ಮೈಯೆಲ್ಲ ಕಣ್ಣಾಗಿ ಇರಲೇಬೇಕು ಅನ್ನುವ ಭಾರವನ್ನು ಇದು ತೆಗೆದಿದೆ.

ಆದರೆ ಇವೆಲ್ಲ ಎರಡನೇ ದಿನದ ತಂತ್ರಜ್ಞಾನ. ನಿನ್ನೆ ಬಂದವನೇ ಇವತ್ತೂ ಬಂದಿದ್ದಾನೆಯೇ ಅಂತ ಹೇಳುತ್ತವೆ. ಮೊದಲ ದಿನ ಬಂದವನು ಯಾರು ಅಂತ ಇವಕ್ಕೆ ಗೊತ್ತಿಲ್ಲ. ನೋಬಿಫೋರ್‌ನ ಆ ಹೊಸ ನೌಕರನಿಗೆ ಜಗತ್ತಿನ ಅತಿ ಗಟ್ಟಿ ಪಾಸ್‌ಕೀ ಕೊಟ್ಟಿದ್ದರೂ ಏನು ಬದಲಾಗುತ್ತಿತ್ತು? ಅವನು ಅದನ್ನು ನಿಯಮದಂತೆ ಬಳಸಿಕೊಂಡು ನಿಯಮದಂತೆಯೇ ಒಳಗೆ ಬರುತ್ತಿದ್ದ.

ಮೇಜಿನ ಮೇಲೆ ಸಾಲು ಲ್ಯಾಪ್‌ಟಾಪ್

ಈ ಮೋಸ ಒಬ್ಬಂಟಿಯ ಕೈಚಳಕ ಅಲ್ಲ, ಅದೊಂದು ವ್ಯವಸ್ಥೆ. ಅಮೆರಿಕದ ವಿದೇಶಾಂಗ ಇಲಾಖೆ, ಖಜಾನೆ ಇಲಾಖೆ, ಎಫ್‌ಬಿಐ ಮೂರೂ ಸೇರಿ 2022ರ ಮೇ ತಿಂಗಳಲ್ಲೇ ಇದರ ಬಗ್ಗೆ ಎಚ್ಚರಿಸಿದ್ದವು. ಹೊರದೇಶಗಳಲ್ಲಿ ಕೂತ ಇಂಥ ಐಟಿ ಕೆಲಸಗಾರ ಒಬ್ಬ ವರ್ಷಕ್ಕೆ 3 ಲಕ್ಷ ಡಾಲರ್‌ವರೆಗೂ ದುಡಿಯಬಲ್ಲ, ಅದರ ದೊಡ್ಡ ಪಾಲು ಉತ್ತರ ಕೊರಿಯಾ ಸರ್ಕಾರಕ್ಕೆ ಹೋಗುತ್ತದೆ, ಆ ದೇಶದ ಶಸ್ತ್ರಾಸ್ತ್ರ ಕಾರ್ಯಕ್ರಮಗಳಿಗೆ ನೆರವಾಗುತ್ತದೆ ಅನ್ನುವುದು ಆ ಎಚ್ಚರಿಕೆಯ ಸಾರ.

ಆದರೆ ಲ್ಯಾಪ್‌ಟಾಪ್ ಅಮೆರಿಕದ ವಿಳಾಸಕ್ಕೇ ಹೋಗಬೇಕಲ್ಲ? ಅದಕ್ಕೆ ಬಂದದ್ದು ಲ್ಯಾಪ್‌ಟಾಪ್ ಫಾರ್ಮ್. ಅಮೆರಿಕದೊಳಗೆ ಒಬ್ಬರ ಮನೆ. ಬೇರೆ ಬೇರೆ ಕಂಪನಿಗಳಿಂದ ಬಂದ ಲ್ಯಾಪ್‌ಟಾಪ್‌ಗಳನ್ನು ಅವರು ಬಿಚ್ಚಿ, ಸಾಲಾಗಿ ಜೋಡಿಸಿ, ಇಂಟರ್‌ನೆಟ್‌ಗೆ ಹಾಕಿ ಆನ್ ಮಾಡಿ ಇಡುತ್ತಾರೆ. ಅಸಲಿ ಕೆಲಸಗಾರ ಸಾವಿರಾರು ಮೈಲಿ ಆಚೆಯಿಂದ ವಿಪಿಎನ್ (ತಾನಿರುವ ಜಾಗ ಮರೆಮಾಡುವ ಇಂಟರ್‌ನೆಟ್ ಸಂಪರ್ಕ) ಮೂಲಕ ಅದರೊಳಗೆ ಬರುತ್ತಾನೆ. ಅಮೆರಿಕದ ಹಗಲಿಗೆ ಹೊಂದಲಿ ಅಂತ ಅವನು ರಾತ್ರಿ ಪಾಳಿ ಮಾಡುತ್ತಾನೆ. ಕಂಪನಿಯ ಕಣ್ಣಿಗೆ ಕಾಣುವುದು ಅಮೆರಿಕದ ಒಂದು ಮನೆಯ ಇಂಟರ್‌ನೆಟ್ ವಿಳಾಸ ಮಾತ್ರ. ನೋಬಿಫೋರ್ ಕಳಿಸಿದ ಮ್ಯಾಕ್ ಹೋಗಿ ಕೂತದ್ದೂ ಇಂಥ ಫಾರ್ಮ್‌ನಂತೆ ಕೆಲಸ ಮಾಡುವ ವಿಳಾಸದಲ್ಲೇ ಅಂತ ಕಂಪನಿ ಬರೆದುಕೊಂಡಿದೆ.

ಅರಿಜೋನಾ ರಾಜ್ಯದ ಒಂದು ಮನೆಯನ್ನು ಅಧಿಕಾರಿಗಳು 2023ರ ಅಕ್ಟೋಬರ್‌ನಲ್ಲಿ ಶೋಧಿಸಿದಾಗ 90ಕ್ಕೂ ಹೆಚ್ಚು ಲ್ಯಾಪ್‌ಟಾಪ್ ಸಿಕ್ಕವು. ಯಾವುದು ಯಾವ ಕಂಪನಿಯದು, ಯಾರ ಹೆಸರಿನದು ಅಂತ ಒಂದೊಂದರ ಮೇಲೂ ಚೀಟಿ. ಆ ಮನೆಯ ಮಹಿಳೆ ತಪ್ಪೊಪ್ಪಿಕೊಂಡರು. 2025ರ ಜುಲೈನಲ್ಲಿ 102 ತಿಂಗಳ ಸೆರೆಮನೆ ಶಿಕ್ಷೆ ಆಯಿತು. ಆ ಒಂದು ಜಾಲ 300ಕ್ಕೂ ಹೆಚ್ಚು ಕಂಪನಿಗಳಿಗೆ ಮೋಸ ಮಾಡಿ 1.7 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತ್ತು. 2025ರ ಜೂನ್ ಕೊನೆಗೆ ಅಮೆರಿಕದ ನ್ಯಾಯ ಇಲಾಖೆ 16 ರಾಜ್ಯಗಳಲ್ಲಿ ಇಂಥವೇ ಅಂತ ಶಂಕಿಸಿದ 29 ಜಾಗ ಶೋಧಿಸಿದ್ದಾಗಿ ಹೇಳಿತು.

ಈ ಕತೆಯಲ್ಲಿ ನನಗೆ ಜಾಸ್ತಿ ಸಂಕಟ ಕೊಟ್ಟದ್ದು ಕಂಪನಿಗಳ ಪಾಡಲ್ಲ. ಯಾರ ಹೆಸರು ಕದ್ದರೋ ಅವರ ಪಾಡು. ಅರಿಜೋನಾ ಪ್ರಕರಣದ ಆರೋಪಪಟ್ಟಿಯಲ್ಲೇ ಇದೆ: 35ಕ್ಕೂ ಹೆಚ್ಚು ಜನರ ಹೆಸರಿಗೆ ಇಲ್ಲದ ತೆರಿಗೆ ಹೊರೆ ಬಿದ್ದಿತ್ತು. ಅವರು ಆ ಕೆಲಸ ಮಾಡಿಲ್ಲ, ಆ ಸಂಬಳ ನೋಡಿಲ್ಲ. ಯಾರೋ ದುಡಿದದ್ದಕ್ಕೆ ಇವರು ಸರ್ಕಾರಕ್ಕೆ ಉತ್ತರ ಕೊಡಬೇಕು. ಗುರುತು ಪರೀಕ್ಷೆ ಅಂದರೆ ಕಂಪನಿಯ ಆಸ್ತಿ ಕಾಯುವುದು ಅಂತಲೇ ಎಲ್ಲರೂ ಬರೆಯುತ್ತಾರೆ. ಕಂಪನಿಯೊಂದಿಗೆ ಸಂಬಂಧವೇ ಇಲ್ಲದ ಒಬ್ಬ ಮನುಷ್ಯನ ಹೆಸರನ್ನೂ ಅದು ಕಾಯಬೇಕು. ಅವನಿಗೆ ತನ್ನ ಹೆಸರು ಎಲ್ಲಿ ಕೂತು ಕೆಲಸ ಮಾಡುತ್ತಿದೆ ಅಂತ ಗೊತ್ತೇ ಇರುವುದಿಲ್ಲ.

ಅಮೆರಿಕದಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರ ಗುರುತು ಮತ್ತು ಕೆಲಸ ಮಾಡುವ ಹಕ್ಕಿನ ಕಾಗದಗಳನ್ನು ಕಂಪನಿ ನೋಡಲೇಬೇಕು. ಐ-9 ಅನ್ನುವ ಫಾರಂ ಅದಕ್ಕೇ ಇದೆ, ಸೇರಿದ ಮೂರು ಕೆಲಸದ ದಿನದೊಳಗೆ ಮುಗಿಸಬೇಕು. ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿರುವ ಕಂಪನಿಗಳು 2023ರ ಆಗಸ್ಟ್ 1ರಿಂದ ಕಾಗದಗಳ ಪ್ರತಿ ತರಿಸಿಕೊಂಡು ವಿಡಿಯೋ ಕಾಲ್‌ನಲ್ಲೇ ಇದನ್ನು ಮಾಡಬಹುದು. ಇ-ವೆರಿಫೈ ಮುಖ್ಯವಾಗಿ ನೋಡುವುದು ಹೆಸರು, ಹುಟ್ಟಿದ ದಿನ, ನಂಬರು ಸರ್ಕಾರದ ದಾಖಲೆಗೆ ಹೊಂದುತ್ತವೆಯೇ ಅಂತ. ಕದ್ದದ್ದು ನಿಜವಾದ ಮನುಷ್ಯನ ವಿವರವೇ ಆದರೆ ಹೊಂದುತ್ತವೆ. ಕಾನೂನು ಪಾಲಿಸಿದ್ದೇವೆ, ಆದ್ದರಿಂದ ಗುರುತು ಖಚಿತವಾಯಿತು ಅಂದುಕೊಳ್ಳುವುದು ಬೇರೆ ಬೇರೆ ವಿಷಯಗಳನ್ನು ಗಂಟು ಹಾಕಿದ ಹಾಗೆ.

ಮೊದಲ ದಿನಕ್ಕೆ ಬಂದಿರುವ ಉಪಾಯಗಳು

ಈಗ ಮೊದಲ ದಿನದ ತಂತ್ರಜ್ಞಾನಕ್ಕೆ ಬರೋಣ. ಇಲ್ಲೂ ನಿಜವಾದ ಬೆಳವಣಿಗೆ ಆಗಿದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪಾಸ್‌ಪೋರ್ಟ್ ಒಳಗಿನ ಚಿಪ್. ಅದರಲ್ಲಿ ಯಜಮಾನನ ಫೋಟೋ, ಹೆಸರು ಎಲ್ಲ ಇರುತ್ತವೆ. ಆ ಪಾಸ್‌ಪೋರ್ಟ್ ಕೊಟ್ಟ ದೇಶದ ಡಿಜಿಟಲ್ ಸಹಿ ಅದರ ಮೇಲೆ ಇರುತ್ತದೆ. ಮಾಮೂಲಿ ಫೋನನ್ನು ಪಾಸ್‌ಪೋರ್ಟ್‌ಗೆ ಒತ್ತಿ ಹಿಡಿದರೆ ಎನ್‌ಎಫ್‌ಸಿ ಅನ್ನುವ, ತೀರಾ ಹತ್ತಿರದಲ್ಲಿ ಕೆಲಸ ಮಾಡುವ ರೇಡಿಯೋ ಸಂಪರ್ಕದ ಮೂಲಕ ಓದಿಕೊಳ್ಳುತ್ತದೆ. ಫೋಟೋದಲ್ಲಿ ಒಂದು ಚುಕ್ಕೆ ಬದಲಾದರೂ ಸಹಿ ಒಪ್ಪುವುದಿಲ್ಲ. ನಮ್ಮ ಪ್ರಕರಣದ ಕಾಣೆಯಾದ ಕೊಂಡಿ ಇದೇ. ಹೆಸರು ಮತ್ತು ಮುಖ ಒಟ್ಟಿಗೆ, ಅಭ್ಯರ್ಥಿ ಕೈ ಹಾಕಲಾಗದ ಜಾಗದಲ್ಲಿ. ಈ ಫೋಟೋ ಜೊತೆ ಇಂಟರ್‌ವ್ಯೂನ ಮುಖ ಹೋಲಿಸಿದರೆ ಅರ್ಥ ಇದೆ. ಕಾರ್ಡಿನ ಚಿತ್ರವನ್ನು ಸ್ಕ್ಯಾನ್ ಮಾಡಿ ಕಳಿಸಿ ಅನ್ನುವುದಕ್ಕೂ ಇದಕ್ಕೂ ಅಜಗಜಾಂತರ.

ಮುಂದಿನ ಪ್ರಶ್ನೆ, ಕ್ಯಾಮೆರಾ ಮುಂದಿನ ಮುಖ ನಿಜವಾದದ್ದೇ? ಇದಕ್ಕೆ ಲೈವ್‌ನೆಸ್ ಚೆಕ್ ಅನ್ನುತ್ತಾರೆ. ಮೊದಮೊದಲು ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಅಂತ ಕೇಳುತ್ತಿದ್ದರು. ಈಗ ಪರದೆಯ ಬಣ್ಣ ಬದಲಿಸಿ ಆ ಬೆಳಕು ಚರ್ಮದ ಮೇಲೆ ಹೇಗೆ ಬೀಳುತ್ತದೆ ಅಂತ ನೋಡುವ ವಿಧಾನಗಳಿವೆ. ಫೋಟೋ ಹಿಡಿದರೆ, ಮುಖವಾಡ ಹಾಕಿದರೆ ಸಿಕ್ಕಿಬೀಳುತ್ತಾರೆ. ಆದರೆ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇದ್ದಾರೆ. ಕ್ಯಾಮೆರಾಗೆ ಏನನ್ನೂ ತೋರಿಸುವುದೇ ಬೇಡ, ಕ್ಯಾಮೆರಾವನ್ನೇ ಬದಿಗಿಟ್ಟು ಸಾಫ್ಟ್‌ವೇರ್‌ನಲ್ಲಿ ಹುಟ್ಟಿಸಿದ ವಿಡಿಯೋವನ್ನು ನೇರವಾಗಿ ಒಳಗೆ ತುರುಕಿದರೆ ಆಯಿತು. ಇದನ್ನು ಇಂಜೆಕ್ಷನ್ ದಾಳಿ ಅನ್ನುತ್ತಾರೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್, ಡಿಜಿಟಲ್ ಗುರುತಿನ ತನ್ನ ಮಾರ್ಗಸೂಚಿಯನ್ನು 2025ರಲ್ಲಿ ಪರಿಷ್ಕರಿಸಿದಾಗ ಇಂಥ ದಾಳಿ ಮತ್ತು ಡೀಪ್‌ಫೇಕ್‌ಗಳನ್ನು (ಎಐ ಹುಟ್ಟಿಸಿದ ನಕಲಿ ಮುಖ, ದನಿ) ತಡೆಯುವ ಕ್ರಮಗಳನ್ನು ಸೇರಿಸಿತು.

ಇದು ಅತಿಯಾದ ಭಯ ಅಲ್ಲ. 2022ರ ಜೂನ್‌ನಲ್ಲೇ ಎಫ್‌ಬಿಐ ಎಚ್ಚರಿಸಿತ್ತು: ಆನ್‌ಲೈನ್ ಇಂಟರ್‌ವ್ಯೂಗಳಲ್ಲಿ ಡೀಪ್‌ಫೇಕ್ ಬರುತ್ತಿದೆ, ಅಭ್ಯರ್ಥಿ ಕೆಮ್ಮಿದಾಗ, ಸೀನಿದಾಗ ಶಬ್ದಕ್ಕೂ ತುಟಿಗೂ ಹೊಂದುತ್ತಿಲ್ಲ ಅಂತ. ಆ ಒಂದು ವಾಕ್ಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಎದುರಿಗೆ ಕೂತವರು ಸೀನುತ್ತಾರೆ, ಶಬ್ದ ಕೇಳುತ್ತದೆ, ಮುಖ ಮಾತ್ರ ಅಲ್ಲಾಡುವುದಿಲ್ಲ. ಆದರೆ ಅಂಥ ಸುಳಿವನ್ನು ನಂಬಿ ಕೂರುವ ಕಾಲ ಹೋಗುತ್ತಿದೆ. 2024ರ ಮೊದಲಲ್ಲಿ ಬೆಳಕಿಗೆ ಬಂದ ಹಾಂಗ್‌ಕಾಂಗ್ ಪ್ರಕರಣದಲ್ಲಿ ಅರುಪ್ ಅನ್ನುವ ಎಂಜಿನಿಯರಿಂಗ್ ಕಂಪನಿಯ ನೌಕರರೊಬ್ಬರು ವಿಡಿಯೋ ಮೀಟಿಂಗ್‌ನಲ್ಲಿ ತಮ್ಮ ಮೇಲಧಿಕಾರಿ, ಸಹೋದ್ಯೋಗಿಗಳನ್ನು ಕಂಡು, ಅವರ ಮಾತು ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಆ ಮುಖಗಳೆಲ್ಲ ಡೀಪ್‌ಫೇಕ್. ಕಣ್ಣಾರೆ ಕಂಡೆ ಅನ್ನುವ ಮಾತಿಗೆ ವಿಡಿಯೋ ಕಾಲ್‌ನಲ್ಲಿ ಹಿಂದಿದ್ದ ಬೆಲೆ ಈಗಿಲ್ಲ.

ನೋಬಿಫೋರ್ ಪ್ರಕರಣಕ್ಕೆ ಇದನ್ನು ಹೊಂದಿಸಿ ನೋಡಿದರೆ ಒಂದು ಕುತೂಹಲದ ವಿಷಯ ಇದೆ. ಅಲ್ಲಿ ಕ್ಯಾಮೆರಾ ಮುಂದೆ ಕೂತವನು ಜೀವಂತ ಮನುಷ್ಯನೇ ಅಂತ ಇಟ್ಟುಕೊಳ್ಳಿ. ಆಗ ಬರಿಯ ಲೈವ್‌ನೆಸ್ ಚೆಕ್ ಇದ್ದಿದ್ದರೆ ಪಾಸಾಗುತ್ತಿತ್ತು. ಜೀವ ಇದೆಯೇ ಅನ್ನುವ ಪ್ರಶ್ನೆಗೆ ಇದೆ ಅನ್ನುವುದು ಸರಿಯಾದ ಉತ್ತರ ತಾನೇ? ಅದಕ್ಕೇ ಬಿಡಿ ಬಿಡಿಯಾಗಿ ಒಂದೊಂದು ಉಪಕರಣ ಕೊಂಡು ಅಂಟಿಸಿದರೆ ಪ್ರಯೋಜನ ಇಲ್ಲ. ಚಿಪ್‌ನ ಫೋಟೋ, ಜೀವಂತ ಮುಖ, ಇಂಟರ್‌ವ್ಯೂಗೆ ಬಂದ ಮುಖ, ಲ್ಯಾಪ್‌ಟಾಪ್ ತೆಗೆದುಕೊಂಡ ಕೈ, ಮೊದಲ ಲಾಗಿನ್, ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿರಬೇಕು.

ಹಾಗೆ ಪೋಣಿಸಿದ ಮಾದರಿ ಹಳೆಯದೇ ಇದೆ. 2004ರ ಆಗಸ್ಟ್ 27ರಂದು ಅಮೆರಿಕದ ಅಧ್ಯಕ್ಷರು ಒಂದು ಆದೇಶ ಹೊರಡಿಸಿದರು. ಕೇಂದ್ರ ಸರ್ಕಾರದ ನೌಕರರು, ಗುತ್ತಿಗೆದಾರರು ಎಲ್ಲರಿಗೂ ಒಂದೇ ಮಾನದಂಡದ ಗುರುತಿನ ಕಾರ್ಡ್ ಆಗಬೇಕು ಅಂತ. ಅದರಿಂದ ಹುಟ್ಟಿದ ಪಿಐವಿ ಕಾರ್ಡಿನಲ್ಲಿ ಕಾರ್ಡಿಗಿಂತ ಅದನ್ನು ಕೊಡುವ ಕ್ರಮವೇ ಮೆಚ್ಚುವಂಥದ್ದು. ಎರಡು ಗುರುತಿನ ದಾಖಲೆ ತೋರಿಸಬೇಕು. ಬೆರಳಚ್ಚು, ಫೋಟೋ ತೆಗೆದುಕೊಳ್ಳುತ್ತಾರೆ. ಕಾರ್ಡ್ ಕೈಗೆ ಕೊಡುವ ದಿನ, ಅರ್ಜಿ ಹಾಕಿದವನೇ ಇವನೆಂದು ದೇಹದ ಗುರುತಿನಿಂದ ಮತ್ತೆ ತಾಳೆ ನೋಡುತ್ತಾರೆ. ಒಬ್ಬನೇ ಅಧಿಕಾರಿ ಇನ್ನೊಬ್ಬರ ನೆರವಿಲ್ಲದೆ ಕಾರ್ಡ್ ಕೊಡುವ ಹಾಗೇ ಇಲ್ಲ. ಇಪ್ಪತ್ತು ವರ್ಷದ ಹಿಂದಿನ ಯೋಚನೆ, ಇವತ್ತಿಗೂ ಹಳಸಿಲ್ಲ. ದೂರದಿಂದ ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಗಳು ಕಳೆದುಕೊಂಡದ್ದು ಈ ಎರಡನೇ ತಾಳೆಯನ್ನು.

ನೋಬಿಫೋರ್ ಅನ್ನು ಉಳಿಸಿದ್ದು ಏನು?

ಹೊಸಬರಿಗೆ ಎಲ್ಲ ಬಾಗಿಲೂ ತೆರೆದಿರಲಿಲ್ಲ ಅನ್ನುವುದು ಮೊದಲ ಕಾರಣ. ನೋಬಿಫೋರ್‌ನಲ್ಲಿ ಹೊಸ ನೌಕರರ ಖಾತೆಗೆ ಸೇರ್ಪಡೆಯ ತರಬೇತಿಗೆ ಬೇಕಾದಷ್ಟೇ ಅನುಮತಿ ಇರುತ್ತದೆ. ಗ್ರಾಹಕರ ಮಾಹಿತಿ ಕೈಗೆಟುಕುವುದಿಲ್ಲ. ಜೊತೆಗೆ ಮ್ಯಾಕ್‌ನೊಳಗೆ ಕಾವಲು ಸಾಫ್ಟ್‌ವೇರ್ ಇತ್ತು. ಅದು ಕೂಗಿತು, ಕೂಗನ್ನು ಕೇಳಿಸಿಕೊಳ್ಳುವ ಜನರೂ ರಾತ್ರಿ ಹತ್ತಕ್ಕೆ ಎಚ್ಚರ ಇದ್ದರು. ಕೆಲಸಕ್ಕೆ ತೆಗೆದುಕೊಳ್ಳುವಾಗ ತಪ್ಪಿದ್ದನ್ನು ಒಳಗಿನ ಕಾವಲು ಹಿಡಿಯಿತು.

ಆದರೆ ಇದರಲ್ಲೇ ಸಮಾಧಾನ ಪಟ್ಟುಕೊಳ್ಳಬಾರದು. ಆ ಮನುಷ್ಯ ಮೊದಲ ದಿನವೇ ಅವಸರ ಮಾಡಿದ. ಎಲ್ಲರೂ ಹಾಗೆ ಮಾಡುವುದಿಲ್ಲ. ಈ ಜಾಲದವರಲ್ಲಿ ಬಹಳ ಜನ ತಿಂಗಳುಗಟ್ಟಲೆ ನೆಟ್ಟಗೆ ಕೋಡ್ ಬರೆದುಕೊಂಡು, ಸಂಬಳ ಎಣಿಸಿಕೊಂಡು ಇರುತ್ತಾರೆ. ಅಂಥವರ ಮಷೀನಿನಲ್ಲಿ ಕೂಗುವಂಥದ್ದು ಏನೂ ಇರುವುದಿಲ್ಲ. ಸಿಕ್ಕಿಬಿದ್ದ ಮೇಲೆ ಕದ್ದಿಟ್ಟ ಮಾಹಿತಿ ತೋರಿಸಿ ಬೆದರಿಸುವುದೂ ಇದೆ ಅಂತ ಎಫ್‌ಬಿಐ 2025ರ ಜನವರಿಯಲ್ಲಿ ಎಚ್ಚರಿಸಿದೆ.

ಕಂಪನಿ ತಾನೇ ಬರೆದುಕೊಂಡ ಪಾಠಗಳಲ್ಲಿ ದುಬಾರಿ ಯಂತ್ರಗಳ ಮಾತು ಕಡಿಮೆ. ಇಮೇಲ್‌ನಲ್ಲಿ ಬಂದ ಶಿಫಾರಸನ್ನೇ ನಂಬಬೇಡಿ. ನೌಕರ ಇರಬೇಕಾದ ಜಾಗದಲ್ಲೇ ಇದ್ದಾನೆಯೇ ನೋಡಿ. ಮನೆಯ ವಿಳಾಸ ಒಂದು, ಲ್ಯಾಪ್‌ಟಾಪ್ ಕಳಿಸಿ ಅನ್ನುವ ವಿಳಾಸ ಇನ್ನೊಂದು ಆದರೆ ನಿಲ್ಲಿ. ಕಳಿಸಿದ ಮಷೀನಿಗೆ ದೂರದಿಂದ ಯಾರಾದರೂ ಇಳಿಯುತ್ತಿದ್ದಾರೆಯೇ ಪರೀಕ್ಷಿಸಿ. ಇವೆಲ್ಲ ಯಾವ ಕಂಪನಿಯೂ ನಾಳೆಯಿಂದಲೇ ಶುರು ಮಾಡಬಹುದಾದ ಕೆಲಸ. ನಾನು ಒಂದು ಸೇರಿಸುತ್ತೇನೆ. ಪಾಸ್‌ವರ್ಡ್ ಮರೆತೆ, ಫೋನ್ ಬದಲಾಯಿತು ಅಂತ ಹೆಲ್ಪ್‌ಡೆಸ್ಕ್‌ಗೆ ಕರೆ ಬಂದಾಗಲೂ ಮೊದಲ ದಿನದ ಅದೇ ತಾಳೆ ಮತ್ತೆ ಆಗಬೇಕು. ಇಲ್ಲದಿದ್ದರೆ ಎಷ್ಟು ಕಷ್ಟಪಟ್ಟು ಪೋಣಿಸಿದ ದಾರವೂ ಅಲ್ಲಿ ಕಡಿದುಹೋಗುತ್ತದೆ.

ಮುಖ, ಬೆರಳು ಎಲ್ಲ ತೆಗೆದುಕೊಳ್ಳುವ ಉತ್ಸಾಹದಲ್ಲಿ ಮರೆಯಬಾರದ ಎರಡು ವಿಷಯ ಇವೆ. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಇಲಾಖೆಯಿಂದ ಕಳುವಾದ ದಾಖಲೆಗಳಲ್ಲಿ 56 ಲಕ್ಷ ಜನರ ಬೆರಳಚ್ಚು ಇತ್ತು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳು ಬದಲಿಸುವುದು ಹೇಗೆ? ಆದ್ದರಿಂದ ತಾಳೆ ಮುಗಿದ ಮೇಲೆ ಮುಖದ ಚಿತ್ರವನ್ನು ಕಂಪನಿ ಇಟ್ಟುಕೊಳ್ಳದೆ, ತಾಳೆ ಆಯಿತು ಅನ್ನುವ ಫಲಿತಾಂಶವನ್ನು ಮಾತ್ರ ಇಟ್ಟುಕೊಳ್ಳುವ ವಿಧಾನಗಳೇ ನನಗೆ ಒಪ್ಪಿಗೆ.

ಇನ್ನೊಂದು, ಯಂತ್ರ ಎಲ್ಲರ ಮುಖವನ್ನೂ ಒಂದೇ ಸಮ ನೋಡುವುದಿಲ್ಲ. ನಿಸ್ಟ್ 2019ರಲ್ಲಿ ಮುಖ ಗುರುತಿಸುವ 189 ಅಲ್ಗಾರಿದಂಗಳನ್ನು ಪರೀಕ್ಷಿಸಿದಾಗ, ಒಬ್ಬರನ್ನು ಇನ್ನೊಬ್ಬರೆಂದು ತಪ್ಪಾಗಿ ಒಪ್ಪಿಕೊಳ್ಳುವ ಪ್ರಮಾಣ ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳಲ್ಲಿ, ಕೆಲವು ಅಲ್ಗಾರಿದಂಗಳಲ್ಲಿ, 10ರಿಂದ 100 ಪಟ್ಟು ಜಾಸ್ತಿ ಇತ್ತು. ಆಮೇಲೆ ಗುಣಮಟ್ಟ ಸುಧಾರಿಸಿದೆ ನಿಜ. ಆದರೂ ಕೆಲಸ ಹುಡುಕುತ್ತಾ ಬಂದ ಒಬ್ಬ ಪ್ರಾಮಾಣಿಕ ಮನುಷ್ಯನಿಗೆ ಯಂತ್ರ ಇಲ್ಲ ಅಂದಾಗ, ಅದೇ ಕೊನೆಯ ಮಾತಾಗಬಾರದು. ಕೂತು ಕೇಳುವ ಒಬ್ಬ ಮನುಷ್ಯ ಅಲ್ಲಿ ಇರಬೇಕು. ಪಾಸ್‌ಪೋರ್ಟೇ ಇಲ್ಲದವರಿಗೆ ಬೇರೆ ದಾರಿ ಇರಬೇಕು, ಆ ದಾರಿಯೂ ಅಷ್ಟೇ ಗಟ್ಟಿ ಇರಬೇಕು. ಹತ್ತಿರದ ಕಚೇರಿಗೆ ಒಂದು ಸಲ ಖುದ್ದಾಗಿ ಬಂದು ಹೋಗಿ ಅನ್ನುವುದು ಹಳೆಯ ಕ್ರಮ ಅನ್ನಿಸಬಹುದು. ನನಗಂತೂ ಇವತ್ತಿಗೂ ಅದಕ್ಕಿಂತ ಒಳ್ಳೆಯದು ಕಂಡಿಲ್ಲ.

ಘಟನೆಯ ನಂತರ ನೋಬಿಫೋರ್ ಮಾಡಿದ ಬದಲಾವಣೆಗಳಲ್ಲಿ ಒಂದು ಬಹಳ ಚಿಕ್ಕದು. ಹೊಸ ನೌಕರರ ಲ್ಯಾಪ್‌ಟಾಪ್ ಈಗ ಮನೆಗೆ ಹೋಗುವುದಿಲ್ಲ. ಯುಪಿಎಸ್ ಅನ್ನುವ ಕೊರಿಯರ್ ಕಂಪನಿಯ ಹತ್ತಿರದ ಅಂಗಡಿಗೆ ಹೋಗುತ್ತದೆ. ನೌಕರ ಅಲ್ಲಿಗೆ ಬಂದು, ಫೋಟೋ ಇರುವ ಗುರುತಿನ ಕಾರ್ಡ್ ತೋರಿಸಿ, ಪೆಟ್ಟಿಗೆ ತೆಗೆದುಕೊಂಡು ಹೋಗಬೇಕು. ಕೌಂಟರಿನ ಆಚೆ ಒಬ್ಬ ಮನುಷ್ಯ, ಈಚೆ ಒಬ್ಬ ಮನುಷ್ಯ, ನಡುವೆ ಒಂದು ಕಾರ್ಡು. ಜುಲೈ 15ರ ರಾತ್ರಿಗೆ ಮೊದಲು ಆ ನೇಮಕದ ದಾರಿಯಲ್ಲಿ ಇಲ್ಲದೇ ಇದ್ದ ಮುಖಾಮುಖಿ ಇದು.